ಆಯಿಯ ಬಲಗೈ ಕಟ್ಟಿದ ದಿನ

ಹೊಸ ಪುಸ್ತಕ ತೆರೆದಾಗ ಮೂಗಿಗೆ ಬಡಿಯುವ ಅಂಟಿನ ವಾಸನೆ ನಿಮಗೂ ಗೊತ್ತಿರಬೇಕು. ಉಳಿದವರಿಗೆ ಅದು ಶಾಲೆಯ ಮೊದಲ ದಿನವನ್ನು ನೆನಪಿಸುತ್ತದೆಯಂತೆ. ನನಗೆ ನೆನಪಾಗುವುದು ನನ್ನ ಕಾಕಾನ ತಗಡಿನ ಪೆಟ್ಟಿಗೆ. ನಿಜಾಮರ ಕಾಲ. ಭೀಮಾ ನದಿಯ ದಂಡೆಯಲ್ಲಿ, ಸೊನ್ನವೆಂಬ ಊರಿನಿಂದ ಎತ್ತಿನ ಗಾಡಿಯಲ್ಲಿ ಒಂದು ಸಣ್ಣ ನಿದ್ದೆಯಷ್ಟು ದೂರದಲ್ಲಿದ್ದ ನಮ್ಮ ಊರಿಗೆ, ಅಪ್ಪನ ತಮ್ಮನಾದ ಆ ಕಾಕಾ ಹೈದರಾಬಾದಿನಲ್ಲಿ ಮಾಸ್ತರಿಕೆಯ ತರಬೇತಿ ಮುಗಿಸಿಕೊಂಡು ಬಂದ. ಪೆಟ್ಟಿಗೆಯ ಮುಚ್ಚಳ ತೆಗೆದಾಗ ಆ ಅಂಟಿನ ವಾಸನೆ ಪಡಸಾಲೆಯನ್ನೆಲ್ಲ ತುಂಬಿ, ಒಲೆಯ ಹೊಗೆಯನ್ನೂ ನೆಲದೊಳಗಿನ ಹಗೇವಿನ ಜೋಳದ ಮುಗ್ಗಲು ವಾಸನೆಯನ್ನೂ ಕ್ಷಣಕಾಲ ಬದಿಗೆ ಸರಿಸಿತು. ಒಳಗಿದ್ದದ್ದು ಎರಡು ಅಂಗಿ, ಒಂದು ಟೊಪ್ಪಿಗೆ ಮತ್ತು ಮನಸ್ಸಿನ ಶಾಸ್ತ್ರದ ಒಂದು ದಪ್ಪ ಉರ್ದು ಪುಸ್ತಕ. ಉರ್ದುವಿನಲ್ಲಿ ಆ ಶಾಸ್ತ್ರಕ್ಕೆ ನಫ್ಸಿಯಾತ್ ಎನ್ನುತ್ತಾರೆ. ಹೀಗೆ ಅಫಜಲಪುರ ತಾಲೂಕಿಗೆ ಮನಃಶಾಸ್ತ್ರವು ಎತ್ತಿನ ಗಾಡಿಯಲ್ಲಿ ಆಗಮಿಸಿತು. ಬರಮಾಡಿಕೊಳ್ಳಲು ಅವನ ತಾಯಿ, ಅಂದರೆ ನನ್ನ ಆಯಿ, ನಾನು ಮತ್ತು ಮನೆಯ ನಾಯಿ ಹಾಜರಿದ್ದೆವು.

ಜೇವರ್ಗಿಯ ಸಾಲೆಗೆ ಕಾಕಾನ ನೌಕರಿಯ ಹುಕುಂ ಬರುವುದಿತ್ತು. ಅಲ್ಲಿಯ ತನಕ ಶಾಸ್ತ್ರಕ್ಕೆ ತುಕ್ಕು ಹಿಡಿಯಬಾರದೆಂದು ಅವನು ಮನೆಯಲ್ಲೇ ಪ್ರಯೋಗ ಹೂಡಿದ. ಮೊದಲ ವಿದ್ಯಾರ್ಥಿ ನಾಯಿ. ದಿನಾ ಗಂಟೆ ಬಾರಿಸಿ ರೊಟ್ಟಿ ಹಾಕುತ್ತ ಹೋದರೆ, ಮುಂದೆ ಬರೀ ಗಂಟೆಗೇ ನಾಯಿ ಜೊಲ್ಲು ಸುರಿಸುತ್ತದೆಂದು ಪುಸ್ತಕದಲ್ಲಿತ್ತು. ನಾಯಿ ಪುಸ್ತಕದ ಮರ್ಯಾದೆ ಕಾಯಿತು. ಆದರೆ ನಮ್ಮ ಓಣಿಯಲ್ಲಿ ಗಂಟೆ ಬಾರಿಸುತ್ತ ಬರುವವರು ಇನ್ನೊಬ್ಬರಿದ್ದರು, ಭಿಕ್ಷೆಯ ಜೋಳಿಗೆ ಹೊತ್ತ ಜಂಗಮಯ್ಯನವರು. ಒಂದು ಮುಂಜಾನೆ ಅವರ ಗಂಟೆ ಕೇಳಿದ ನಾಯಿ ಜೊಲ್ಲು ಸುರಿಸುತ್ತ, ಬಾಲ ಅಲ್ಲಾಡಿಸುತ್ತ, ಅಪಾರ ಭಕ್ತಿಯಿಂದ ಅವರ ಮೈಮೇಲೇ ಹಾರಿತು. ಅಯ್ಯನವರು ಜೋಳಿಗೆ ಬಿಟ್ಟು ಕಟ್ಟೆ ಏರಿದರು.

"ನಿನ್ನ ನಫ್ಸಿಯಾತಿಗಿ ಬೆಂಕಿ ಹಚ್ಚಲಿ! ಮನ್ಯಾನ ನಾಯಿಗೂ ಹುಚ್ಚ ಹಿಡಿಸಿದೆಲ್ಲೋ!" ಎಂದಳು ಆಯಿ.

"ಹುಚ್ಚಲ್ಲಬೇ, ಅದು ಆದತ್, ರೂಢಿ. ನಾಯಿ ಕಲ್ತದ."

"ಕಲ್ತ ನಾಯಿ ಅಯ್ಯನೋರ್ನ ಕಟ್ಟಿ ಹತ್ತಿಸ್ತದ ಏನು? ಕಲೀಲಾರದ್ದೇ ಚಂದಿತ್ತು!"

ಶಾಸ್ತ್ರಕ್ಕೆ ಒಲಿದ ಎರಡನೆಯ ಪ್ರಾಣಿ ನಾನು. ನಾನು ಎಡಚಿ. ಕಾಕಾ ಊರಿಗೆ ಬರುವ ಮುಂಚೆ, ನನಗೆ ಆರು ತುಂಬಿದ ಹೊತ್ತಿಗೆ, ಅದೇ ಅಯ್ಯನವರ ಜೋಳಿಗೆಗೆ ಎಡಗೈಯಿಂದ ಹಿಟ್ಟು ಹಾಕಿಬಿಟ್ಟಿದ್ದೆ. ಅಯ್ಯನವರು ನಕ್ಕು ಮುಂದೆ ಹೋದರು. ಆಯಿ ನಗಲಿಲ್ಲ. ಹಳೆಯ ಇಳಕಲ್ ಸೀರೆಯ ಅಂಚು ಹರಿದು ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟಿದಳು. ಎದ್ದಾಗಿನಿಂದ ಮಲಗುವ ತನಕ ಆ ಕಟ್ಟು. ಕಟ್ಟುವಾಗ ಕೈ ನೋಯದಂತೆ ಗಂಟು ಸಡಿಲಿಸಿ, ಬಾಯಿಗೊಂದು ಚೂರು ಬೆಲ್ಲವನ್ನೂ ಇಡುತ್ತಿದ್ದಳು. ನನ್ನ ಮೇಲೆ ಅವಳಿಗೆ ಅಷ್ಟು ಪ್ರೀತಿ. ಅಲ್ಲಿಯವರೆಗೆ ನಾನು ಹುಂಜ ಕೂಗುವ ಮೊದಲೇ ಮಾತು ಶುರು ಮಾಡುವ ಹುಡುಗಿ. ಕೈ ಕಟ್ಟಿದ ಮೇಲೆ ಮಾತು ಗಂಟಲಲ್ಲೇ ಎಡವತೊಡಗಿತು. ನೀರು ಕೇಳಹೋದರೆ 'ನೀ ನೀ ನೀ' ಎನ್ನುವಷ್ಟರಲ್ಲಿ ಬಾಯಾರಿಕೆಯೇ ಬೇಸತ್ತು ಹೋಗುತ್ತಿತ್ತು. ಆಯಿ ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿದಳು. ನೆರೆಮನೆಯ ಕಾಸಿಂಬಿ ಚಾಚಿ ದರ್ಗಾದಿಂದ ತಾಯತ ತಂದು ಕಟ್ಟಿದಳು. ಕೊನೆಗೆ ನಾನು ಮಾತಾಡುವುದನ್ನೇ ಬಿಟ್ಟೆ. ತಲೆಯಾಡಿಸಿದರೂ ಸಂಸಾರ ನಡೆಯುತ್ತದೆಂದು ಆ ವಯಸ್ಸಿಗೇ ತಿಳಿದಿತ್ತು. ಓಣಿಯ ಮಕ್ಕಳು 'ಮೂಗಿ' ಎಂದು ಕೂಗಿದಾಗ ಅವ್ವ ಒಲೆಯ ಮುಂದೆ ಕಣ್ಣೊರೆಸಿಕೊಂಡು, ಹಸಿ ಕಟ್ಟಿಗೆಯ ಹೊಗೆಯನ್ನು ಬೈಯುತ್ತಿದ್ದಳು.

ಕಾಕಾ ತನ್ನ ಅತ್ತಿಗೆಯಾದ ಅವ್ವನನ್ನೇ ಕೇಳಿದ: "ಇದು ಯಾವಾಗಿಂದ್ರಿ ವೈನಿ?"

"ಕೈ ಕಟ್ಟಿದ ಮ್ಯಾಲರಿ," ಎಂದಳು ಅವ್ವ, ಅತ್ತೆಗೆ ಕೇಳದ ಹಾಗೆ. ಅತ್ತೆಗೆ ಕೇಳಿಸಿತು.

ಕಾಕಾ ಆಯಿಯ ಕಡೆ ತಿರುಗಿದ. "ಬಿಚ್ಚಬೇ ಕೂಸಿನ ಕೈ. ಕೈಗೂ ನಾಲಿಗಿಗೂ ಒಳಗ ಒಬ್ಬನೇ ಮಾಲಕ ಇರ್ತಾನ. ಒಂದಕ್ಕ ಹೆದರಿಸಿದ್ರ ಇನ್ನೊಂದೂ ಹೆದರ್ತದ."

"ನಾಯಿಗಿ ಕಲಿಸಿದ್ದು ಸಾಲದೇನೋ ನಿನಗ? ಎಡಗೈಲೆ ನೀಡಿದ್ರ ನಾಳಿ ಯಾರು ಉಣ್ತಾರ? ಬಲಗೈ ರೂಢಿ ಮಾಡ್ಕೊಳ್ಳೂದು ಏನ್ ಮಹಾ ಕಷ್ಟ!"

"ಕಷ್ಟಿಲ್ಲೇನು? ಹಂಗಾರ ನಿನ್ನ ಬಲಗೈ ಕಟ್ತೇನಿ. ನಾಳಿ ನಾನೇ ಬಿಚ್ತೇನಿ."

"ಕಟ್ಟೋ! ತಗೋ ಕೈ! ನೀ ಬಿಚ್ಚೂ ತನಕ ನಾ ಬಿಚ್ಚಿದ್ರ ಕೇಳು!"

ಆ ದಿನ ನಮ್ಮ ಮನೆ ಕಂಡ ದುರಂತಗಳನ್ನು ಹೇಗೆ ವರ್ಣಿಸಲಿ! ಇಡೀ ಊರಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದ ಆಯಿ ಎಡಗೈಯಿಂದ ಬಡಿದ ರೊಟ್ಟಿ, ಭೀಮೆಯ ಹಾಗೆ ಎಲ್ಲೆಲ್ಲೋ ತಿರುಗಿ ಹಂಚಿನಿಂದ ಹೊರಗೆ ಹರಿಯಿತು. ಸಾರಿನ ಸೌಟು ಮುಗುಚಿತು. ಹೆರಳು ಬಿಚ್ಚಿದ್ದು ಬಿಚ್ಚಿಯೇ ಉಳಿಯಿತು. ಕಾಸಿಂಬಿ ಚಾಚಿ ಗೋಡೆಯ ಮೇಲಿಂದ ಇಣುಕಿ, "ಕ್ಯಾ ಹುವಾ ಬಹೆನಾ? ಕೈ ಮುರೀತೇನ್ರಿ?" ಎಂದರೆ ಆಯಿ ಕಟ್ಟಿದ ಕೈಯ ಮೇಲೆ ಸೆರಗು ಎಳೆದುಕೊಂಡಳು. ಸಂಜೆ ಕಾಕಾನನ್ನು ಬೈಯಹೋದವಳು ಬೈಗುಳದ ಅರ್ಧಕ್ಕೇ ನಿಂತಳು. ಅದು ನಮ್ಮ ಮನೆಯ ಚರಿತ್ರೆಯಲ್ಲೇ ಮೊದಲು. ನಿಂತವಳು ನನ್ನ ಕಡೆ ನೋಡಿದಳು. ನಾನೂ ನೋಡಿದೆ.

ಮರುದಿನ ಸೂರ್ಯ ಹುಟ್ಟಿದ, ಕಾಕಾ ಏಳಲಿಲ್ಲ. ತರಬೇತಿ ಪಡೆದವರು ಬೇಗ ಏಳುವುದಿಲ್ಲ. ಎಬ್ಬಿಸಿ ಬಿಚ್ಚಿಸಿಕೊಂಡರೆ ಸೋತಂತೆ. ಅವ್ವನ ಸಹಾಯದಿಂದ ಮಿಂದು, ಆಯಿ ಹಾಗೆಯೇ ಪೂಜೆಗೆ ಕುಳಿತು, ನನ್ನನ್ನು ಕರೆದಳು. ಕೊರಳಿನ ಇಷ್ಟಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಿದ್ದಳು. ನೀರೆರೆಯಬೇಕಾದ ಬಲಗೈ ಸೊಂಟದಲ್ಲಿ ಬಂದಿಯಾಗಿತ್ತು.

"ಮುಟ್ಟಬ್ಯಾಡ. ಮ್ಯಾಲಿಂದ ನೀರು ಬಿಡು."

ನಾನು ಬಲಗೈಯಲ್ಲಿ ತಂಬಿಗೆ ಹಿಡಿದೆ. ತಂಬಿಗೆ ವಾಲಿ ನೀರು ಅವಳ ಮಡಿಲಿಗೆ ಚೆಲ್ಲಿತು. ಬೈಗುಳಕ್ಕೆಂದು ಕಣ್ಣು ಮುಚ್ಚಿದೆ. ಬರಲಿಲ್ಲ. ಕಣ್ಣು ತೆರೆದರೆ ಆಯಿ ಲಿಂಗವನ್ನು ನೋಡುತ್ತಿದ್ದಳು; ಆಮೇಲೆ ಲಿಂಗದ ಕೆಳಗಿನ ಅಂಗೈಯನ್ನು. ಬುದ್ಧಿ ತಿಳಿದಂದಿನಿಂದ ಪ್ರತಿ ಮುಂಜಾನೆ ಅವಳು ದೇವರನ್ನು ಕೂರಿಸಿಕೊಂಡಿದ್ದ ಕೈ ಅದು. ಎಡಗೈ. ಆಯಿ ಬಾಗಿ, ಹಲ್ಲಿನಿಂದ ನನ್ನ ಸೊಂಟದ ಗಂಟು ಎಳೆದು ಬಿಚ್ಚಿದಳು.

"ನಿನ್ನ ಕೈಲೆ ಬಿಡು."

"ಯಾ... ಯಾ... ಯಾವ ಕೈ ಆಯಿ?"

"ಯಾ ಕೈ ನಿನ್ನ ಮಾತ ಕೇಳ್ತದ, ಆ ಕೈಲೆ."

ನೀರು ಒಂದೇ ಎಳೆಯಾಗಿ ಇಳಿಯಿತು. ಆಕಳಿಸುತ್ತ ಎದ್ದುಬಂದ ಕಾಕಾನಿಗೆ ಅವಳು ಹೇಳಿದಳು: "ಗೆದ್ದೆ ಅಂತ ಕುಣೀಬ್ಯಾಡ. ನಾ ಸೋತದ್ದು ನಿನ್ನ ಪುಸ್ತಕಕ್ಕಲ್ಲ."

"ಮತ್ಯಾರಿಗಬೇ?"

ಆಯಿ ಎಡ ಅಂಗೈಯ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಅದನ್ನು ಮತ್ತೆ ಕೊರಳಿಗೆ ಕಟ್ಟಲು ಬಲಗೈ ಬಿಚ್ಚೆಂದು ಸನ್ನೆ ಮಾಡಿದಳು.

ಮಾತು ಮರುದಿನವೇ ಮರಳಲಿಲ್ಲ. "ಕೂಸು ತಡದ್ರ ಯಾರೂ ಅದರ ಮಾತ ಪೂರಾ ಮಾಡಬ್ಯಾಡ್ರಿ. ಕಾಯ್ರಿ," ಎಂದು ಕಾಕಾ ಮನೆಗೆಲ್ಲ ಅಪ್ಪಣೆ ಹೊರಡಿಸಿದ. ಹೆಚ್ಚು ಕಷ್ಟವಾದದ್ದು ಆಯಿಗೆ. ನಾನು ತಡವರಿಸುವಾಗೆಲ್ಲ ಅವಳು ಸೆರಗಿನ ತುದಿ ಕಚ್ಚಿಕೊಂಡು ಕೂರುತ್ತಿದ್ದಳು. ಜೋಳ ಹಾಲುದೆನೆಗೆ ಬಂದ ಕಾಲಕ್ಕೆ, ಒಂದು ಮಧ್ಯಾಹ್ನ ಗೋಡೆಯ ಮೇಲಿಂದ ನಾನು ಒಂದೇ ಉಸಿರಿಗೆ ಹೇಳಿದೆ: "ಚಾಚಿ, ನಮ್ಮ ಕಾಕಾಂದು ಹುಕುಂ ಬಂದದ, ನನ್ನೂ ಜೇವರ್ಗಿ ಸಾಲಿಗಿ ಕರಕೊಂಡು ಹೊಂಟಾನ!" ಚಾಚಿಯ ಕೈಯಿಂದ ಮೊರ ಜಾರಿತು. ಒಳಗೆ ಆಯಿಯ ಅಳು ಕೇಳಿಸಿತು. ಈ ಸಲ ಯಾರೂ ಹೊಗೆಯನ್ನು ಬೈಯಲಿಲ್ಲ.

ನಾನೂ ಮುಂದೆ ಮಾಸ್ತರಿಣಿಯಾದೆ. ಎಡಗೈಯಿಂದ ಬರೆದು ಬರೆದು ಎಷ್ಟೋ ಹಲಗೆಗಳನ್ನು ಬೆಳ್ಳಗೆ ಮಾಡಿದೆ. ಆ ಮಾಳಿಗೆ ಮನೆ ಈಗ ಮಣ್ಣಿನ ದಿಬ್ಬ. ಆಯಿ, ಅವ್ವ, ಚಾಚಿ, ಕೊನೆಗೆ ಕಾಕಾ, ಎಲ್ಲರೂ ಹೋದರು. ನಾನು ಮಾತ್ರ ಇನ್ನೂ ಮಾತಾಡುತ್ತಲೇ ಇದ್ದೇನೆ. ಕೆಲವು ಸಲ ಮಾತಿನ ನಡುವೆ ಬೇಕೆಂದೇ ನಿಲ್ಲುತ್ತೇನೆ. ಎದುರಿಗಿದ್ದವರು ಮುದುಕಿಯ ಮರೆವೆಂದುಕೊಂಡು ಆ ಮಾತನ್ನು ತಾವೇ ಪೂರ್ತಿ ಮಾಡಿಕೊಡುತ್ತಾರೆ, ಒಳ್ಳೆಯ ಜನ. ಅವರು ಬಾಯಿ ತೆರೆಯುವ ಮುಂಚಿನ ಆ ಒಂದು ಗಳಿಗೆ ನಾನು, ಸೆರಗು ಕಚ್ಚಿಕೊಂಡು ಕಾಯುತ್ತಿರುವ ಆಯಿಯ ಎದುರಿಗೆ ನಿಂತಿರುತ್ತೇನೆ.