ಗೇಂಡಾ ಅಲ್ಲ, ಗೇಂದಾ

ಮೊನ್ನೆ ಮೊಮ್ಮಗಳು ಗ್ಯಾಸಿನ ಒಲೆಯ ಮುಂದೆ ಬಗ್ಗಿ ಚಹಾ ಕಾಸುವಾಗ ಅವಳ ಜಡೆಯ ತುದಿ ಉರಿಗೆ ತಾಗಿ ಚುರ್ರೆಂದಿತು. ಏನೂ ಆಗಲಿಲ್ಲ, ಬೆರಳಿನಷ್ಟು ಕೂದಲು ಸುಟ್ಟಿತು ಅಷ್ಟೆ. ಆದರೆ ಆ ನಾತ ಇದೆಯಲ್ಲ, ಕೂದಲು ಸುಟ್ಟ ನಾತ... ಮನೆಯೆಲ್ಲ ತುಂಬಿಕೊಂಡಿತು. ಎಲ್ಲರೂ ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಓಡಿದರು. ನಾನು ಕೂತಲ್ಲೇ ಕೂತೆ. ನನಗೆ ಅತ್ತಾರ ಕಾಕಾ ನೆನಪಾಗಿದ್ದರು.

ಅರವತ್ತು ವರ್ಷದ ಮೇಲಾಯಿತು. ನಮ್ಮ ಯಜಮಾನರು ಸಾಲೆಯ ಮಾಸ್ತರರು. ಬಸವನ ಬಾಗೇವಾಡಿಯಿಂದ ಸಿಂದಗಿಗೆ ವರ್ಗವಾಗಿ, ಬಜಾರದ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಓಣಿ ಬಜಾರಕ್ಕೆ ಕೂಡುವ ಮೂಲೆಯಲ್ಲಿ ಅವರ ಅಂಗಡಿ. ಗಿಡಮೂಲಿಕೆ, ಲೋಬಾನ, ಸುರುಮಾ ಮಾರುವವರಿಗೆ ನಮ್ಮ ಕಡೆ ಅತ್ತಾರ ಅನ್ನುತ್ತಾರೆ. ಅವರು ಊರಿಗೆಲ್ಲ ಅತ್ತಾರ ಕಾಕಾ. ಬಜೆ, ಅಳಲೆಕಾಯಿ ಎಂದು ನೆವ ಮಾಡಿಕೊಂಡು ನಾನು ವಾರಕ್ಕೆ ಎರಡು ಸಲವಾದರೂ ಅಲ್ಲಿಗೆ ಹೋಗುತ್ತಿದ್ದೆ. ಆ ಊರಿನಲ್ಲಿ ನನ್ನೊಡನೆ ನಗುತ್ತ ಮಾತಾಡುತ್ತಿದ್ದವರು ಅವರೊಬ್ಬರೇ.

ಅವರ ತಂದೆಯ ಕಾಲದ ಒಂದು ತಗಡಿನ ಡಬ್ಬಿ ಅಂಗಡಿಯ ಮೇಲಿನ ಹಲಗೆಯ ಮೇಲಿತ್ತು. ಅದರಲ್ಲಿ ಖಡ್ಗಮೃಗದ, ನಮ್ಮ ಕಡೆಯ ಮಾತಿನಲ್ಲಿ ಗೇಂಡಾದ, ಕೋಡಿನ ಒಂದು ತುಂಡು. ಗೇಂಡಾದ ಕೋಡು ತೇಯ್ದು ಹಚ್ಚಿದರೆ ಸಾಯುವವರೂ ಎದ್ದು ಕೂರುತ್ತಾರೆ ಎಂದು ಜನ ನಂಬಿದ್ದ ಕಾಲ ಅದು. ತಂದೆ ಕೊಡುತ್ತಿದ್ದರಂತೆ. ಮಗ ಯಾರಿಗೂ ಕೊಡುತ್ತಿರಲಿಲ್ಲ.

ದೊಡ್ಡ ಲಡಾಯಿಯ ಕಾಲದಲ್ಲಿ ಕಾಕಾ ಅಸ್ಸಾಮಿನಲ್ಲಿ ಮಿಲಿಟರಿ ಲಾರಿ ಹೊಡೆದು ಬಂದವರು. ಆ ಪ್ರಾಣಿಯನ್ನು ಕಣ್ಣಾರೆ ಕಂಡವರು. ಅದರ ಮಾತು ಬಂದರೆ ಅವರ ಕೈ ಪುಡಿಕೆ ಕಟ್ಟುವುದನ್ನು ಮರೆಯುತ್ತಿತ್ತು.

"ಲಾರಿಗಿಂತ ಎತ್ತರ ಹುಲ್ಲು, ಯವ್ವಾ. ಮನಷ್ಯಾ ಹೊಕ್ಕರ ದಾರಿ ಸಿಗಂಗಿಲ್ಲ. ಗೇಂಡಾ ಅಡ್ಡಾಡಿದಲ್ಲೆ ಹಾದಿ ಬೀಳ್ತೈತಿ, ಆ ಹಾದ್ಯಾಗ ಜಿಂಕಿ, ಹಂದಿ ಎಲ್ಲಾ ನಡೀತಾವು. ಅದು ಮೇಯ್ದಲ್ಲೆ ಎಳಿ ಹುಲ್ಲು ಚಿಗೀತೈತಿ. ಅದು ಹೊರಳಾಡಿದ ತೆಗ್ಗಿನ್ಯಾಗ ನೀರು ನಿಂದರತೈತಿ, ಹಕ್ಕಿ ಬಂದು ಕುಡೀತಾವು. ಲದ್ದೀನೂ ದಿನಾ ಒಂದ ಜಾಗಾದಾಗ ಹಾಕತೈತಿ, ಅಲ್ಲೆ ಹೊಸಾ ಗಿಡಾ ಹುಟ್ಟತಾವು. ಅದೊಂದು ಹೋತಂದ್ರ ಎಲ್ಲಾರ ಹಾದೀನೂ ಮುಚ್ಚಿ ಹೋಗತೈತಿ."

ಒಂದು ದಿನ ರಸ್ತೆಯ ಪಕ್ಕದ ಗುಂಡಿಯಲ್ಲಿ ಅಂಥದ್ದೊಂದು ಸತ್ತು ಬಿದ್ದಿದ್ದನ್ನು ಕಂಡರಂತೆ. ಮೈಯೆಲ್ಲ ಹಾಗೇ ಇತ್ತು, ಕೋಡು ಮಾತ್ರ ಇರಲಿಲ್ಲ. ಊರಿಗೆ ಮರಳಿದವರೇ ಆ ಡಬ್ಬಿಯ ಮುಚ್ಚಳ ಹಾಕಿದರು.

ಕೋಡಿನಲ್ಲಿ ಔಷಧದ ಗುಣವೇನೂ ಇಲ್ಲ ಎಂಬ ಅವರ ಮಾತನ್ನು ನಾನು ಪೂರ್ತಿ ನಂಬಿರಲಿಲ್ಲ. ಅದಕ್ಕೇ ಒಂದು ಮಧ್ಯಾಹ್ನ ಲೋಬಾನದ ಕೆಂಡದ ಮೇಲೆ ಕೋಡಿನ ಚೂರೊಂದನ್ನು ಹಾಕಿದರು. ಅದರ ಹಿಂದೆಯೇ ತಮ್ಮ ಹೆಬ್ಬೆರಳಿನ ಉಗುರು ಕತ್ತರಿಸಿ ಹಾಕಿದರು. ನಾನು "ಶೀ, ಕಾಕಾ!" ಎಂದು ಸೆರಗು ಮೂಗಿಗೆ ಒತ್ತಿಕೊಂಡೆ.

"ಎರಡರ ನಾತಾನೂ ಒಂದ ಹೌದಲ್ಲೊ? ಇದೂ ಉಗುರು, ಅದೂ ಉಗುರು. ಉಗುರಿನ ಸಲುವಾಗಿ ಯಾರರ ಜೀವಾ ತಗೀತಾರೇನವಾ?"

ಮರುವರ್ಷ ನನ್ನ ಮಗಳಿಗೆ ಜ್ವರ ಬಂತು. ಒಂದೂವರೆ ವರ್ಷದ ಕೂಸು. ಯಜಮಾನರು ಪರೀಕ್ಷೆಯ ಕೆಲಸಕ್ಕೆ ಇಂಡಿಗೆ ಹೋಗಿದ್ದರು. ಮೂರನೆಯ ದಿನ ಬೆಳಿಗ್ಗೆ ಜ್ವರ ನೆತ್ತಿಗೇರಿ ಕೂಸಿನ ಕೈಕಾಲು ಸೆಟೆದವು. ಬಿಜಾಪುರದ ದವಾಖಾನೆಗೆ ಒಯ್ಯುತ್ತೇನೆ ಅಂದರೆ ಅತ್ತೆ ಬಾಗಿಲಿಗೆ ಅಡ್ಡ ಕೂತರು. "ಗೇಂಡಾ ಹಚ್ಚಿದ ಹೊರತು ಕೂಸಿನ್ನ ಹೊಸ್ತಲಾ ದಾಟಿಸಂಗಿಲ್ಲ" ಅಂದರು. ನಾನು ಹುಚ್ಚಿಯ ಹಾಗೆ ಅಂಗಡಿಗೆ ಓಡಿ ಎಲ್ಲ ಹೇಳಿದೆ.

ಕಾಕಾ ಒಂದು ಗಳಿಗೆ ಡಬ್ಬಿಯ ಕಡೆ ನೋಡಿದರು. ಆಮೇಲೆ ಬೇರೆ ಬರಣಿಗೆ ಕೈ ಹಾಕಿ, ಪುಡಿಕೆ ಕಟ್ಟಿ, ನನಗಿಂತ ಮುಂದೆ ನಮ್ಮ ಮನೆಗೆ ನಡೆದರು.

"ಅಕ್ಕಾರ, ಗೇಂದಾ ತಂದೇನ್ರಿ. ನೀರಾಗ ಕಲಿಸಿ ನೆತ್ತಿಗಿ ಹಚ್ಚರಿ. ಬಿಜಾಪುರದ ಮೋಟಾರ ಹೊಂಟೈತಿ, ಲಗೂ ಮಾಡ್ರಿ!"

ಗೇಂಡಾ ಅಲ್ಲ, ಗೇಂದಾ. ಕಾಕಾರ ಮನೆಮಾತು ಉರ್ದುವಿನಲ್ಲಿ ಗೇಂದಾ ಅಂದರೆ ಚೆಂಡು ಹೂವು. ಪುಡಿಕೆ ಬಿಚ್ಚಿದಾಗಲೇ ಆ ಹಳದಿ ಪುಡಿಯ ವಾಸನೆ ನನಗೆ ತಿಳಿಯಿತು. ಅತ್ತೆಯ ಕಿವಿಗೆ ಕೇಳಿದ್ದು ಗೇಂಡಾ. ಅವರು ನೆತ್ತಿಗೆ ಹಚ್ಚಿ ದಾರಿ ಬಿಟ್ಟರು. ಕಾಕಾ ಮುಂದೆ ಓಡಿ, ಹೊರಟಿದ್ದ ಮೋಟಾರಿಗೆ ಅಡ್ಡ ನಿಂತು ನಮ್ಮನ್ನು ಹತ್ತಿಸಿದರು. ಬಿಜಾಪುರದಲ್ಲಿ ಎಂಟು ದಿನ ಸೂಜಿ, ಔಷಧ. ಇನ್ನರ್ಧ ದಿನ ತಡವಾಗಿದ್ದರೆ ಕೂಸು ಕೈಬಿಡುತ್ತಿತ್ತು ಎಂದು ಡಾಕ್ಟರರು ನನ್ನನ್ನೇ ಬೈದರು.

ಮರಳಿ ಬರುವ ಹೊತ್ತಿಗೆ ಊರೆಲ್ಲ ಒಂದೇ ಸುದ್ದಿ. ಅತ್ತಾರನ ಗೇಂಡಾ ಮಾಸ್ತರರ ಕೂಸನ್ನು ಬದುಕಿಸಿತು! ಅತ್ತೆ ಹೋದಲ್ಲೆಲ್ಲ ಅದನ್ನೇ ಹೇಳಿದರು. ದೇವರ ಹಿಪ್ಪರಗಿಯಿಂದ, ಇಂಡಿಯಿಂದ ಜನ ಕೋಡು ಕೇಳಿಕೊಂಡು ಬರತೊಡಗಿದರು. ಕೊಟ್ಟದ್ದು ಚೆಂಡು ಹೂವಿನ ಪುಡಿ, ಕೂಸನ್ನು ಉಳಿಸಿದ್ದು ದವಾಖಾನೆ ಎಂದು ಕಾಕಾ ಹೇಳಿ ಹೇಳಿ ದಣಿದರು. ಮುದುಕ ಬಚ್ಚಿಟ್ಟುಕೊಂಡಿದ್ದಾನೆ ಎಂದು ಜನ ನಕ್ಕರು.

ಒಂದು ದಿನ ಮುದ್ದೇಬಿಹಾಳದಿಂದ ಬಂದ ನಾಲ್ಕು ಜನರನ್ನು ಕರೆದುಕೊಂಡು ಕಾಕಾ ನಮ್ಮ ಕಟ್ಟೆಗೇ ಬಂದರು.

"ಯವ್ವಾ, ನೀ ಸಾಲಿ ಕಲತಾಕಿ. ಇವರಿಗೆ ಖರೇ ಹೇಳಿಬಿಡು. ನಾ ಕೊಟ್ಟದ್ದು ಗೇಂಡಾನೋ, ಗೇಂದಾನೋ?"

ಬಾಗಿಲ ಹಿಂದೆ ಅತ್ತೆ ನಿಂತಿದ್ದರು. ಅವರ ಬಳೆಯ ಸದ್ದು ಕೇಳಿಸುತ್ತಿತ್ತು. ನಿಜ ಹೇಳಿದ್ದರೆ, ಮೋಸ ಮಾಡಿದೆ ಎಂದು ಅತ್ತೆ ನನ್ನನ್ನು ಆ ಮನೆಯಲ್ಲಿ ಬಾಳಗೊಡುತ್ತಿರಲಿಲ್ಲ ಅಂತ ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಸುಡಲಿ ಆ ಅಂಜಿಕೆ!

"ನನಗೇನ ಗೊತ್ತಿಲ್ರಿ ಕಾಕಾ. ಅತ್ತಿ ಹಚ್ಚಿದ್ರು" ಅಂದೆ.

ಅವರು ನನ್ನ ಮುಖ ನೋಡಿದರು. "ಆತವ್ವಾ" ಅಂದರು. ಕಟ್ಟೆ ಇಳಿದು ಹೋದರು. ಎರಡು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಎರಡು ತಿಂಗಳಲ್ಲಿ ಸಂತೆಗೆ ಯಾವನೋ ಪರ ಊರಿನವನು ಬಂದು ಕೂತ. ಅರಿವೆ ಹಾಸಿ, ಕರೀ ತುಂಡುಗಳನ್ನು ಹರವಿಕೊಂಡು ಕೂಗುತ್ತಿದ್ದ: "ಸಿಂದಗಿ ಮಾಸ್ತರ ಕೂಸಿನ್ನ ಬದುಕಿಸಿದ ಅಸಲಿ ಗೇಂಡಾ!" ಜನ ಮುಗಿಬಿದ್ದರು. ಎಮ್ಮೆಯ ಕೋಡಾಗಿದ್ದರೆ ಪುಣ್ಯ. ಅಸಲಿಯೇ ಆಗಿದ್ದರೆ... ನಾನು ಕಾಣದ ಆ ಹುಲ್ಲಿನಲ್ಲಿ ಎಷ್ಟು ಹಾದಿ ಮುಚ್ಚಿದವೋ. ಆ ಕೂಗಿನಲ್ಲಿದ್ದದ್ದು ನನ್ನ ಕೂಸು.

ಅಂದು ಕಾಕಾ ಡಬ್ಬಿಯಲ್ಲಿದ್ದ ತುಂಡನ್ನು ಕೆಂಡದ ಮೇಲೆ ಹಾಕಿ ಪೂರ್ತಿ ಸುಟ್ಟರು. ಓಣಿಗೆಲ್ಲ ಆ ನಾತ ಹೊಡೆಯಿತು. ಮುದುಕನಿಗೆ ತಲೆ ಕೆಟ್ಟಿದೆ ಅಂದರು ಜನ. ವಾರದೊಳಗೆ ಕಾಕಾ ಅಂಗಡಿ ಮುಚ್ಚಿ ಆಲಮೇಲದ ತಂಗಿಯ ಮನೆಗೆ ಹೋದರು. ಮರುವರ್ಷ ಅಲ್ಲಿಂದ ಬಂದವರೊಬ್ಬರು ಅವರು ತೀರಿಕೊಂಡರು ಅಂದರು. ನಾನು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಅತ್ತೆ ಹೋದರು, ಯಜಮಾನರೂ ಹೋದರು. ಹೇಳಲು ನನಗೆ ಅಡ್ಡಿ ಯಾರದೂ ಇರಲಿಲ್ಲ. ಆದರೂ ಇಂದು, ನಾಳೆ ಎನ್ನುತ್ತ ಇಷ್ಟು ವರ್ಷ ಕಳೆದೆ.

ಮೊನ್ನೆ ಹೊಗೆ ಹೋದ ಮೇಲೆ, ಅದೇ ಕೂಸು, ಈಗ ತಲೆ ನರೆತ ನನ್ನ ಮಗಳು, ತನ್ನ ಮಗಳ ಜಡೆ ಸವರುತ್ತ ಅಂದಳು: "ಸಣ್ಣಾಕಿದ್ದಾಗ ನಾ ಸತ್ತ ಹೋಗಿದ್ದೆನಂತ. ಗೇಂಡಾದ ಕೋಡು ಉಳಿಸೇತಿ ನೋಡು ನನ್ನ."

"ಅಲ್ಲವಾ" ಅಂದೆ. "ಚೆಂಡು ಹೂವಿನ ಪುಡಿ ಅದು. ನಿನ್ನ ಉಳಿಸಿದ್ದು ದವಾಖಾನಿ. ಅತ್ತಾರ ಕಾಕಾ ಮೋಟಾರಿಗೆ ಅಡ್ಡ ನಿಂತಿದ್ರು..."

ಮಗಳು ಮೊಮ್ಮಗಳ ಕಡೆ ನೋಡಿ ನಕ್ಕಳು. "ಅಜ್ಜಿಗೆ ಈಗ ಭಾಳ ಮರವು" ಅಂದು ನನ್ನ ಕೈಗೆ ಚಹಾದ ಬಟ್ಟಲು ಕೊಟ್ಟಳು. "ನಮ್ಮ ಆಯಿ, ಅಪ್ಪನ ಅವ್ವನ, ತನ್ನ ಕೈಲೆ ಹಚ್ಚಿದ್ಲಲ್ಲ, ಆಕಿ ಸುಳ್ಳ ಹೇಳತಾಳೇನು?"

ಮತ್ತೊಮ್ಮೆ ಹೇಳಬೇಕೆಂದು ಬಾಯಿ ತೆರೆದೆ. ಅವರಾಗಲೇ ಬೇರೆ ಮಾತಿಗೆ ಹತ್ತಿದ್ದರು.

"ಆತವ್ವಾ" ಅಂದೆ.