ನಲವತ್ತು ವರ್ಷದ ಹಲೋ

ಜರ್ಮನಿಗೆ ಹೋಗುತ್ತೇನೆಂದು ಬೆಂಗಳೂರಿನಲ್ಲಿ ಎರಡು ವರ್ಷ ಜರ್ಮನ್ ಕಲಿತೆ. ವೀಸಾ ಸಿಕ್ಕಿದ್ದು ಆಸ್ಟ್ರೇಲಿಯಾಕ್ಕೆ. ಕಲಬುರಗಿಯವಳು ನಾನು, ಈಗ ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿದ್ದೇನೆ. ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮ್ ಒಂದರಲ್ಲಿ ಕೆಲಸ. ಆ ಎರಡು ವರ್ಷ ದಂಡವಾಯಿತೆಂದು ಬಹಳ ಕಾಲ ಸಿಡುಕುತ್ತಿದ್ದೆ.

ನಮ್ಮಲ್ಲಿದ್ದ ಒಬ್ಬ ಅಜ್ಜ ಬವೇರಿಯಾದ ಬೆಟ್ಟದೂರಿನವರು. ಮರೆವಿನ ಕಾಯಿಲೆಯಲ್ಲಿ ಅವರ ಇಂಗ್ಲಿಷ್ ಪೂರ್ತಿ ಹೋಗಿತ್ತು. ಕಳೆದ ಚಳಿಗಾಲದಲ್ಲಿ ಊಟ ಕಡಿಮೆಯಾಯಿತು, ಮಾತು ನಿಂತಿತು. ನನ್ನ ಜೊತೆ ಕೆಲಸ ಮಾಡುವ ಮೈಸೂರಿನವಳು, “ನಿಮಗೆ ಜರ್ಮನ್ ಬರುತ್ತಲ್ವಾ, ಒಂದ್ಸಲ ಮಾತಾಡ್ಸಿ ನೋಡಿ. ನಿಮ್ಮ ಕನ್ನಡ ಅಂತೂ ನನಗೆ ಅರ್ಧ ಅರ್ಥ ಆಗಲ್ಲ, ಅದಾದ್ರೂ ಯಾರಿಗಾದ್ರೂ ಅರ್ಥ ಆಗ್ಲಿ” ಎಂದಳು.

ಹೋದೆ. ನಮ್ಮ ಕಡೆ ಹಿರಿಯರನ್ನು ‘ರೀ’ ಹಚ್ಚದೆ ಮಾತಾಡಿಸುವುದುಂಟೇ? ಅವರ ಭಾಷೆಯಲ್ಲೂ ಗೌರವದ ಮಾತಿದೆ, ಅದನ್ನೇ ಹಿಡಿದೆ. ಮನೆತನದ ಹೆಸರು ಸೇರಿಸಿ, ಪುಸ್ತಕದಲ್ಲಿದ್ದಂತೆ ‘ಗುಟನ್ ಟಾಗ್’ ಎಂದು ನಮಸ್ಕಾರ ಹೇಳಿದೆ. ಅಜ್ಜ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಮಂಡಿಯ ಮೇಲೆ ಕೈಯಿಟ್ಟು ನೆಟ್ಟಗೆ ಕೂತು, ತಮ್ಮ ಹುಟ್ಟಿದ ದಿನ ಹೇಳಿದರು. ಮುಂದಿಟ್ಟ ಸೂಪಿನ ಚಮಚ ಮುಟ್ಟಲಿಲ್ಲ. ಮರುದಿನ ನಾನು ಇನ್ನಷ್ಟು ಗೌರವ ಸುರಿದೆ, ಅವರು ಇನ್ನಷ್ಟು ಬಿಗಿದುಕೊಂಡರು. ನಮ್ಮ ‘ರೀ’ ಜನರನ್ನು ಹತ್ತಿರ ತರುತ್ತದೆ. ಅವರ ಆ ಗೌರವ ಕಚೇರಿಯ ಮೇಜಿನ ಆಚೆ ಕೂತಿರುವಂಥದ್ದು. ಇಷ್ಟು ಹೊಳೆಯಲು ನನಗೆ ಒಂದು ವಾರ ಬೇಕಾಯಿತು, ನನ್ನ ತಲೆ ಅಂಥದು.

ಆಗ ಬೆಂಗಳೂರಿನ ಟೀಚರ್ ನೆನಪಾದರು. ಜರ್ಮನಿಯಲ್ಲಿ ಎಲ್ಲೆಲ್ಲಿ ಹೇಗೆ ನಮಸ್ಕಾರ ಹೇಳುತ್ತಾರೆಂದು ಒಮ್ಮೆ ಬೋರ್ಡಿನ ಮೂಲೆಯಲ್ಲಿ ಬರೆದಿದ್ದರು: ಉತ್ತರದ ಕಡಲ ತೀರದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೂ ‘ಮೊಯ್ನ್’, ಬವೇರಿಯಾದಲ್ಲಿ ‘ಗ್ರೂಸ್ ಗೊಟ್’, ತಮ್ಮವರಾದರೆ ‘ಸರ್ವುಸ್’. “ಇದು ಪರೀಕ್ಷೆಗೆ ಬರಲ್ಲ, ಬರ್ಕೋಬೇಡಿ” ಎಂದು ಒರೆಸಿಬಿಟ್ಟಿದ್ದರು.

ಮರುದಿನ ಬಾಗಿಲಲ್ಲೇ ನಿಂತು ‘ಸರ್ವುಸ್’ ಎಂದೆ. ಅಜ್ಜ ತಿರುಗಿ ನೋಡಿದರು. “ಸರ್ವುಸ್” ಎಂದು ಹಾಸಿಗೆಯಲ್ಲಿ ಸರಿದು ನನಗೆ ಜಾಗ ಮಾಡಿದರು. ಅಂದು ಅರ್ಧ ಬಟ್ಟಲು ಸೂಪ್ ಕುಡಿದರು.

ಅವರ ಮಗಳಿರುವುದು ಸಿಡ್ನಿಯಲ್ಲಿ. ಮ್ಯಾಕ್ವೆರಿ ಪಾರ್ಕ್‌ನ ಆಫೀಸೊಂದರಲ್ಲಿ ಕೆಲಸ. ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡಿ “ಹಲೋ ಡ್ಯಾಡ್” ಎನ್ನುತ್ತಿದ್ದರು. ಅಜ್ಜ ಗೋಡೆ ನೋಡುತ್ತಿದ್ದರು. ಅಪ್ಪ ಒಂದೇ ಒಂದು ಸಲ ತನ್ನ ಗುರುತು ಹಿಡಿದರೆ ಸಾಕು, ಅದೇ ಅವರ ಆಸೆ. ಸರ್ವುಸ್ ವಿಷಯ ಫೋನಿನಲ್ಲಿ ಹೇಳಿದಾಗ ಆಕೆ ಹಳೆಯದೊಂದು ನೆನಪು ತೆಗೆದರು.

“ಇಲ್ಲಿಯ ಶಾಲೆಯ ಗೇಟಿನಲ್ಲಿ ಅಪ್ಪ ಹಾಗೇ ಕೂಗಿ ಕರೆಯುತ್ತಿದ್ದರು. ನನಗಾಗ ಹತ್ತು ವರ್ಷ. ಹುಡುಗಿಯರು ನಕ್ಕರು. ಇನ್ನು ಮೇಲೆ ನನ್ನನ್ನು ಹಾಗೆ ಕರೆಯಬೇಡ ಅಂದೆ. ಅಷ್ಟೇ. ನಲವತ್ತು ವರ್ಷ ನನಗೆ ಹಲೋ ಅಂದರು.”

ಹಿಂದಿನ ವರ್ಷ ನನ್ನ ಮಗಳು ಇಲ್ಲಿಯ ಶಾಲೆಯ ಗೇಟಿನಲ್ಲಿ, “ಅಮ್ಮಾ, ನಾಟ್ ಹಿಯರ್” ಎಂದಿದ್ದಳು. ನಾನು ಎಂದಿನಂತೆ “ಬಾ ನಮ್ಮವ್ವಾ” ಎಂದು ಕರೆದಿದ್ದೆ. ಅಂದಿನಿಂದ ನಾನೂ ‘ಹಾಯ್’ ಅನ್ನುತ್ತಿದ್ದೆ. ಅದನ್ನು ದೊಡ್ಡ ಜಾಣತನ ಎಂದುಕೊಂಡಿದ್ದೆ. ಈ ಸಂಗತಿ ಆ ಹೆಂಗಸಿಗೆ ಹೇಳಲಿಲ್ಲ, ನಾಚಿಕೆಯಾಯಿತು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅಜ್ಜನ ಉಸಿರು ಬದಲಾಯಿತು. ಮಗಳನ್ನು ಕರೆಸಿ ಎಂದಳು ನರ್ಸ್. ಫ್ಲೈಟ್ ಬುಕ್ ಮಾಡಿದರೂ ಸಂಜೆಗೆ ಮೊದಲು ಅವರು ತಲುಪುವಂತಿರಲಿಲ್ಲ. ಸ್ಪೀಕರ್ ಹಾಕಿ ಫೋನನ್ನು ಅಜ್ಜನ ಕಿವಿಗೆ ಹಿಡಿದೆ. “ಡ್ಯಾಡ್, ಐ ಆಮ್ ಕಮಿಂಗ್” ಎಂದು ಅಳುತ್ತಿದ್ದರು ಆಕೆ. ಅಜ್ಜನ ಮುಖದಲ್ಲಿ ಏನೂ ಇಲ್ಲ. ನಾನು ಸರ್ವುಸ್ ಎಂದಿದ್ದರೆ ನನಗೆ ಉತ್ತರ ಕೊಡುತ್ತಿದ್ದರೇನೋ. ಆದರೆ ಅದು ನನಗೆ ಸಲ್ಲಬೇಕಾದ ಉತ್ತರವಲ್ಲ.

“ಮೇಡಂ, ಅದನ್ನು ಹೇಳಿ” ಎಂದೆ.

“ಬೇಡ ಅಂದವಳೇ ನಾನು. ಈಗ ಯಾವ ಬಾಯಿಂದ ಹೇಳಲಿ?”

ನನಗೆ ಸಿಟ್ಟು ಬಂತು. “ಅದಕ್ಕೆಲ್ಲ ಆಮೇಲೆ ಅಳುವಿರಂತೆ. ಈಗ ಹೇಳಿ.”

ಆ ಕಡೆ ಆಫೀಸಿನ ಸದ್ದು, ಯಾರೋ ನಗುವುದು, ಪ್ರಿಂಟರಿನ ಗರಗರ. ಅದರ ನಡುವೆ ಸಣ್ಣ ದನಿ ಬಂತು: “ಸರ್ವುಸ್, ಪಾಪಾ.”

ಅಜ್ಜ ಕಣ್ಣು ತೆರೆಯಲಿಲ್ಲ. ತುಟಿ ಅಲುಗಿತು. “ಸರ್ವುಸ್, ಮಾಡ್ಲ್.” ಅವರ ಸೀಮೆಯಲ್ಲಿ ಮಾಡ್ಲ್ ಅಂದರೆ ಪುಟ್ಟ ಹುಡುಗಿ.

ಆಕೆ ಮತ್ತೆ ಹೇಳಿದರು, ಈ ಸಲ ಆಫೀಸಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಅಜ್ಜ ಮತ್ತೆ ಉತ್ತರಿಸಿದರು. ಮೂರನೆಯ ಸಲಕ್ಕೆ ಬರೀ ತುಟಿ ಅಲುಗಿತು. ಅವರ ವಿಮಾನ ಇಳಿಯುವ ಮೊದಲೇ ಅಜ್ಜ ಹೋಗಿಬಿಟ್ಟಿದ್ದರು.

ಮರುದಿನ ರಜೆ ಹಾಕಿ, ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತೆ. ಮಗಳು ಮೂವರು ಗೆಳತಿಯರ ಜೊತೆ ಬರುತ್ತಿದ್ದಳು.

“ಬಾ ನಮ್ಮವ್ವಾ, ಹಸಿವಾಗ್ಯಾದೇನು?”

ಗೆಳತಿಯರು ನೋಡಿದರು. ಮಗಳ ಮುಖ ಕೆಂಪಾಯಿತು. ನನ್ನ ತೋಳು ಹಿಡಿದು ಕಾರಿನವರೆಗೂ ಎಳೆದೊಯ್ದಳು, ಒಳಗೆ ಕೂತು ಬಾಗಿಲು ಹಾಕಿಕೊಂಡಳು.

“ಅಮ್ಮಾ, ಐ ಟೋಲ್ಡ್ ಯು.”

“ಹೂಂ, ಹೇಳಿದ್ದಿ” ಎಂದೆ. “ನಾಳೆನೂ ಹಿಂಗೇ ಕರೀತೀನಿ.”