ಜರ್ಮನಿಗೆ ಹೊರಟ ದೀಪಕ್ಕೆ ಧೂಳಿನ ಪರೀಕ್ಷೆ

ಜರ್ಮನಿಯವರ ತೋಟಗಳಲ್ಲಿ ಇವತ್ತು ದೀಪ ಉರೀತಿದ್ದರೆ ಅದಕ್ಕೆ ನಾನೇ ಕಾರಣ. ನಂಬದವರು ಹೋಗಿ ನೋಡಿಕೊಂಡು ಬರಬಹುದು, ಬಸ್ ಚಾರ್ಜು ಅವರದೇ.

ಅರೆಕೆರೆಯ ನಮ್ಮ ಮನೆಯ ಕೆಳಗಡೆ ಬಾಡಿಗೆಗಿರೋ ಶ್ವೇತಾ ಆ ಕರೆಂಟ್ ದೀಪ ಮಾಡುವವಳು. ಹೊರದೇಶದಲ್ಲಿ ಮಾರಬೇಕಾದರೆ, ದೀಪದೊಳಗೆ ಧೂಳು ಹೋಗೋದಿಲ್ಲ ಅಂತ ಲ್ಯಾಬಿನವರು ಸರ್ಟಿಫಿಕೇಟ್ ಕೊಡಬೇಕಂತೆ. ಕೊಡದಿದ್ದರೆ ಅವಳ ಮೊದಲ ಆರ್ಡರೇ ಕೈತಪ್ಪುತ್ತಿತ್ತು. ಹುಡುಗಿಗೆ ಧೈರ್ಯವಿರಲಿ ಅಂತ ನಾನೂ ಜೊತೆಗೆ ಹೋದೆ.

ದೀಪವನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಪೌಡರ್ ಊದಿದರು ನೋಡಿ, ಅಲ್ಲಿ ಆನೆ ಇದ್ದಿದ್ದರೂ ಸೀನಿಕೊಂಡು ಬನ್ನೇರುಘಟ್ಟಕ್ಕೆ ಓಡಿಹೋಗಿರೋದು! ಆಮೇಲೆ ಅಲ್ಲಿನ ಸಾಹೇಬರು ದೀಪದ ಮುಚ್ಚಳ ಬಿಚ್ಚಿ, "ಒಳಗೆ ಧೂಳಿದೆ ಮೇಡಂ, ಫೇಲ್" ಅಂದರು. ಶ್ವೇತಾ ಕಣ್ಣಲ್ಲಿ ನೀರು ತುಂಬಿತು.

ನಾನು ಬಗ್ಗಿ ನೋಡಿದೆ. "ಸಾರ್, ನೀವು ಊದಿದ್ದು ಯಾವ ಬಣ್ಣ?"

"ಬಿಳಿ."

"ಒಳಗಿರೋದು ಕೆಂಪು. ಅದು ಕುಂಕುಮ ಸಾರ್!"

ಸಾಹೇಬರು ಬೆರಳಲ್ಲಿ ತೀಡಿ ನೋಡಿ ನಕ್ಕುಬಿಟ್ಟರು. ಚೆನ್ನಾಗಿ ಒರೆಸಿ, ಮುಚ್ಚಿ, ಮತ್ತೆ ಊದಿದರು. ಈ ಸಲ ಒಂದು ಕಣವೂ ಒಳಗೆ ಹೋಗಿರಲಿಲ್ಲ. ಪಾಸ್! ಶ್ವೇತಾ ಅಲ್ಲೇ ಕುಣಿದಳು. ನಾನೂ ಕುಣಿದೆ, ಸಾಹೇಬರನ್ನೂ ಕುಣಿಸಿದೆ.

ಮೊನ್ನೆ ಜಗಲಿಯಲ್ಲಿ ಕೂತು ಇದನ್ನೇ ಹೇಳುತ್ತಿದ್ದಾಗ ಬೀದಿಯವರೆಲ್ಲ ಭೇಷ್ ಅಂದರು. ಕಾಫಿ ತಂದ ನನ್ನ ಹೆಂಡತಿ ಮಾತ್ರ ಸುಮ್ಮನಿರಲಿಲ್ಲ.

"ಅಲ್ಲಾ ರೀ, ಮುಚ್ಚಳ ಹಾಕೋ ಮುಂಚೆ ಅದರೊಳಗೆ ಕುಂಕುಮ ಇಟ್ಟೋರು ಯಾರು?"

ನಾನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡೆ. "ಮತ್ತೆ? ದೇಶ ಬಿಟ್ಟು ಹೋಗೋ ದೀಪಾನ ಬರಿ ಹಣೇಲಿ ಕಳಿಸೋಕಾಗುತ್ತೇನೇ?"